ಸಾಹೇಬರಿಗೆ ಗೊತ್ತಿರಲಿಲ್ಲವೇ?

ಅಮೆರಿಕದ ಮಿಸಿಸಿಪ್ಪಿ ರಾಜ್ಯದಲ್ಲಿ ಕ್ಲಿಂಟನ್ ಎಂಬ ಸಣ್ಣ ಊರಿದೆ. ಈ ಶತಮಾನದ ಆರಂಭದಲ್ಲಿ ಜಗತ್ತಿನ ದೊಡ್ಡ ದೂರಸಂಪರ್ಕ ಕಂಪನಿಗಳಲ್ಲಿ ಒಂದಾಗಿದ್ದ ವರ್ಲ್ಡ್‌ಕಾಮ್‌ನ ಕೇಂದ್ರ ಕಚೇರಿ ಇದ್ದದ್ದು ಅಲ್ಲೇ. ಅದರ ಮುಖ್ಯಸ್ಥ ಬರ್ನಾರ್ಡ್ ಎಬ್ಬರ್ಸ್. ಮನೆಮನೆಗೆ ಹಾಲು ಹಾಕಿ, ಬ್ಯಾಸ್ಕೆಟ್‌ಬಾಲ್ ಕೋಚ್ ಆಗಿ, ಮೋಟೆಲ್ ನಡೆಸಿ ಮೇಲೆ ಬಂದವರು. ಕಂಪನಿಯ ಸ್ಥಿತಿ ಬಿಗಡಾಯಿಸಿದ್ದ ದಿನಗಳಲ್ಲಿ ಹಿರಿಯ ಅಧಿಕಾರಿಗಳ ಸಭೆಯಲ್ಲಿ ಅವರು ಎತ್ತಿದ ವಿಷಯಗಳಲ್ಲಿ ಕಾಫಿಯೂ ಒಂದು. ಕಾಫಿ ಸೋಸುವ ಕಾಗದಗಳು ಎಷ್ಟು ಖರ್ಚಾಗಿವೆ, ಪುಡಿಯ ಪೊಟ್ಟಣಗಳು ಎಷ್ಟು ಖರ್ಚಾಗಿವೆ ಎಂದು ತಾಳೆ ನೋಡಿದ್ದರು. ಎರಡೂ ಕೂಡಿಬರಲಿಲ್ಲ. ಹಾಗಾದರೆ ಸಿಬ್ಬಂದಿಯಲ್ಲಿ ಯಾರೋ ಪೊಟ್ಟಣಗಳನ್ನು ಮನೆಗೆ ಒಯ್ಯುತ್ತಿದ್ದಾರೆ ಎಂಬುದು ಅವರ ತೀರ್ಮಾನ.

ಅದೇ ಹೊತ್ತಿಗೆ, ಅದೇ ಕಂಪನಿಯ ಲೆಕ್ಕಪುಸ್ತಕದಲ್ಲಿ ಕೋಟಿಗಟ್ಟಲೆ ಡಾಲರ್ ಖರ್ಚು ಆಸ್ತಿಯ ಕಲಮಿಗೆ ಹೋಗಿ ಕೂರುತ್ತಿತ್ತು. ಎಲ್ಲ ಬಯಲಾದ ಮೇಲೆ ಮೋಸದ ಮೊತ್ತ ಸುಮಾರು 1,100 ಕೋಟಿ ಡಾಲರ್ ಎಂದು ಲೆಕ್ಕ ಸಿಕ್ಕಿತು. 2002ರ ಜುಲೈನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿದಾಗ, ಅದು ಅಲ್ಲಿಯವರೆಗಿನ ಅಮೆರಿಕದ ಅತಿ ದೊಡ್ಡ ದಿವಾಳಿ. 2005ರಲ್ಲಿ ನ್ಯೂಯಾರ್ಕಿನ ನ್ಯಾಯಾಲಯದ ಕಟಕಟೆಯಲ್ಲಿ ನಿಂತ ಎಬ್ಬರ್ಸ್, ತನಗೆ ತಂತ್ರಜ್ಞಾನವೂ ಗೊತ್ತಿಲ್ಲ, ಹಣಕಾಸಿನ ಲೆಕ್ಕಾಚಾರವೂ ಗೊತ್ತಿಲ್ಲ, ತಾನೇನಿದ್ದರೂ ಜನರನ್ನು ಹುರಿದುಂಬಿಸುವವನು, ಮಾರಾಟ ನೋಡಿಕೊಳ್ಳುವವನು ಎಂದರು. ಅವರು ಇಮೇಲ್ ಬಳಸುತ್ತಿರಲಿಲ್ಲ. ಮೋಸಕ್ಕೆ ಅಪ್ಪಣೆ ಕೊಟ್ಟೆ ಎಂದು ಅವರ ಕೈಬರಹದ ಒಂದು ಚೀಟಿಯೂ ಸಿಕ್ಕಿರಲಿಲ್ಲ. ಅವರ ವಿರುದ್ಧ ಇದ್ದ ಮುಖ್ಯ ಸಾಕ್ಷಿ ಎಂದರೆ, ತಪ್ಪೊಪ್ಪಿಕೊಂಡು ಸರ್ಕಾರದ ಕಡೆಗೆ ಬಂದಿದ್ದ ಹಣಕಾಸು ಮುಖ್ಯಸ್ಥ ಸ್ಕಾಟ್ ಸುಲಿವನ್ ಅವರ ಮಾತು.

ಪೊಟ್ಟಣದ ಲೆಕ್ಕ ಇಟ್ಟವರಿಗೆ ಕಂಪನಿಯ ಅತಿ ದೊಡ್ಡ ಖರ್ಚಿನ ಲೆಕ್ಕ ಗೊತ್ತಿರಲಿಲ್ಲ ಎಂದರೆ ನಂಬುವುದು ಹೇಗೆ? ಸಣ್ಣಪುಟ್ಟ ಖರ್ಚಿನ ಮೇಲೂ ಕಣ್ಣಿಟ್ಟಿದ್ದ ಮನುಷ್ಯ ಇವರು ಎಂಬುದೇ ಸರ್ಕಾರಿ ವಕೀಲರ ವಾದದ ತಿರುಳು. ಎಂಟು ದಿನ ಚರ್ಚಿಸಿದ ಜ್ಯೂರಿ, ಒಂಬತ್ತು ಆರೋಪಗಳಲ್ಲೂ ಎಬ್ಬರ್ಸ್ ತಪ್ಪಿತಸ್ಥರೆಂದು ಹೇಳಿತು. 25 ವರ್ಷ ಸೆರೆವಾಸ. ಆರೋಗ್ಯ ಕೆಟ್ಟ ಕಾರಣಕ್ಕೆ 2019ರ ಡಿಸೆಂಬರಿನಲ್ಲಿ ಬಿಡುಗಡೆಯಾದ ಅವರು, 2020ರ ಫೆಬ್ರುವರಿಯಲ್ಲಿ ತೀರಿಕೊಂಡರು.

ಕನ್ನಡದಲ್ಲಿ ‘ಜಾಣಕುರುಡು’ ಎಂಬ ಮಾತಿದೆ. ಕಣ್ಣು ನೆಟ್ಟಗಿದೆ, ಆದರೆ ಕಂಡರೆ ಕಷ್ಟಕ್ಕೆ ಸಿಕ್ಕಿಕೊಳ್ಳುತ್ತೇನೆ ಎಂದು ಗೊತ್ತಿರುವುದರಿಂದ ಆ ಕಡೆ ತಿರುಗುವುದಿಲ್ಲ. ಎಬ್ಬರ್ಸ್ ಪ್ರಕರಣದ ನ್ಯಾಯಾಧೀಶೆ ಬಾರ್ಬರಾ ಜೋನ್ಸ್ ಜ್ಯೂರಿಗೆ ಕೊಟ್ಟ ಸೂಚನೆಯಲ್ಲಿ ಇದ್ದದ್ದೂ ಇದೇ ಅರ್ಥ. ಆರೋಪಿಗೆ ನಿಜ ಗೊತ್ತಾಗುವ ಎಲ್ಲ ಸಾಧ್ಯತೆ ಇದ್ದೂ, ಬೇಕೆಂದೇ ಅದನ್ನು ತಿಳಿಯದೆ ಉಳಿದಿದ್ದರೆ, ಗೊತ್ತಿತ್ತು ಎಂದೇ ಪರಿಗಣಿಸಬಹುದು. ಮೇಲ್ಮನವಿ ನ್ಯಾಯಾಲಯವೂ 2006ರಲ್ಲಿ ಇದನ್ನು ಎತ್ತಿಹಿಡಿಯಿತು.

ಈ ತತ್ವ ಕಂಪನಿಗಳ ವ್ಯವಹಾರದಲ್ಲಿ ಹುಟ್ಟಿದ್ದಲ್ಲ. ಅಮೆರಿಕದಲ್ಲಿ ಇದಕ್ಕೆ ಹೆಸರಾದದ್ದು 1976ರ ಜ್ಯುವೆಲ್ ಪ್ರಕರಣ. ಮೆಕ್ಸಿಕೊ ಗಡಿ ದಾಟಿ ಬಂದ ಒಂದು ಕಾರಿನ ಹಿಂಬದಿಯ ಗುಪ್ತ ಅರೆಯಲ್ಲಿ 110 ಪೌಂಡ್ ಗಾಂಜಾ ಸಿಕ್ಕಿತು. ಚಾಲಕ ಆ ಅರೆ ಇದ್ದದ್ದನ್ನು ನೋಡಿದ್ದ, ಒಳಗೇನಿದೆ ಎಂದು ಮಾತ್ರ ನೋಡಿರಲಿಲ್ಲ. ನೋಡದೆ ಇದ್ದದ್ದು ಅವನನ್ನು ಉಳಿಸಲಿಲ್ಲ. ಗಡಿಯಲ್ಲಿ ಸಿಕ್ಕಿಬಿದ್ದ ಡ್ರೈವರ್‌ಗೆ ಅನ್ವಯಿಸಿದ ಮಾತು, ಹತ್ತಾರು ಮಹಡಿಯ ಕಟ್ಟಡದ ತುದಿಯಲ್ಲಿ ಕೂತವರಿಗೂ ಅನ್ವಯಿಸಬೇಕು ಎಂದು ನ್ಯಾಯಾಲಯಗಳು ಹೇಳಲು ಬಹಳ ಕಾಲ ಬೇಕಾಯಿತು.

ವರ್ಲ್ಡ್‌ಕಾಮ್‌ನ ಮೋಸ ಅರ್ಥವಾಗಲು ಲೆಕ್ಕಶಾಸ್ತ್ರದ ಪದವಿ ಬೇಕಿಲ್ಲ. ಬೇರೆ ದೂರವಾಣಿ ಕಂಪನಿಗಳ ತಂತಿಗಳನ್ನು ಬಳಸಿದ್ದಕ್ಕೆ ಅದು ಬಾಡಿಗೆ ಕೊಡುತ್ತಿತ್ತು. ಬಾಡಿಗೆ ಎಂದರೆ ಆಯಾ ತಿಂಗಳ ಖರ್ಚು, ಲಾಭದಿಂದ ಕಳೆಯಲೇಬೇಕು. ಅದನ್ನು ಆಸ್ತಿ ಎಂದು ಬರೆದುಬಿಟ್ಟರು. ಮನೆ ಬಾಡಿಗೆ ಕಟ್ಟುವವರೊಬ್ಬರು ವರ್ಷದ ಕೊನೆಗೆ ಆ ದುಡ್ಡನ್ನೆಲ್ಲ ಕೂಡಿಸಿ ‘ಇಷ್ಟು ಬೆಲೆಯ ಸ್ವಂತ ಮನೆ ನನಗಿದೆ’ ಎಂದು ಬ್ಯಾಂಕಿಗೆ ಬರೆದುಕೊಟ್ಟಂತೆ. ಖರ್ಚು ಮಾಯವಾಯಿತು, ಲಾಭ ಉಬ್ಬಿತು, ಷೇರುಪೇಟೆಗೆ ಕೊಟ್ಟಿದ್ದ ಮಾತು ಉಳಿಯಿತು.

ಆದರೆ ಇಂಥದ್ದನ್ನು ಸಾಹೇಬರು ತಮ್ಮ ಕೈಯಿಂದ ಬರೆಯುವುದಿಲ್ಲ. ಬರೆಯುವ ಕೈ ಬೇರೆ ಯಾರದೋ ಆಗಿರುತ್ತದೆ. ಇಲ್ಲಿ ಅದು ಬೆಟ್ಟಿ ವಿನ್ಸನ್ ಎಂಬ ಮಧ್ಯಮ ದರ್ಜೆಯ ಅಕೌಂಟೆಂಟ್‌ರದು. 2000ನೇ ಇಸವಿಯ ಕೊನೆಯ ಹೊತ್ತಿಗೆ, ಬೇರೆ ಉದ್ದೇಶಕ್ಕೆ ತೆಗೆದಿರಿಸಿದ್ದ ನಿಧಿಯಿಂದ 82.8 ಕೋಟಿ ಡಾಲರ್ ತೆಗೆದು ಖರ್ಚನ್ನು ಮುಚ್ಚುವಂತೆ ಮೇಲಿನಿಂದ ಹೇಳಿಕೆ ಬಂತು. ಇದು ಸರಿಯಲ್ಲ ಎಂದು ಅವರು ಹೇಳಿದರು. ಇದೊಂದು ಸಲ ಮಾತ್ರ ಎಂಬ ಉತ್ತರ ಬಂತು. ಮಾಡಿದರು. ಮಾಡಿದ ಮೇಲೆ ಮನಸ್ಸು ತಡೆಯದೆ ರಾಜೀನಾಮೆಗೆ ಸಿದ್ಧರಾದರು. ಆಗ ವಿನ್ಸನ್ ಅವರನ್ನೂ ಅವರ ಸಹೋದ್ಯೋಗಿಯನ್ನೂ ಸುಲಿವನ್ ಕೂರಿಸಿಕೊಂಡು ಒಂದು ಹೋಲಿಕೆ ಹೇಳಿದರು: ನಮ್ಮದು ವಿಮಾನ ಹೊತ್ತ ಹಡಗು, ಆಕಾಶದಲ್ಲಿ ವಿಮಾನಗಳಿವೆ, ಅವು ಇಳಿಯಲಿ, ಆಮೇಲೆ ಬೇಕಿದ್ದರೆ ಹೋಗಿ. ವಿನ್ಸನ್ ಮನೆಯ ಖರ್ಚಿಗೆ ಅವರ ಸಂಬಳವೇ ಆಧಾರವಾಗಿತ್ತು. ಅವರು ಉಳಿದರು. ಮುಂದಿನ ತ್ರೈಮಾಸಿಕದಲ್ಲಿ ಮತ್ತೆ, ಅದರ ಮುಂದಿನದರಲ್ಲಿ ಮತ್ತೆ. 2005ರಲ್ಲಿ ಅವರಿಗೆ ಐದು ತಿಂಗಳ ಜೈಲು, ಐದು ತಿಂಗಳ ಗೃಹಬಂಧನ ಆಯಿತು.

ಕಚೇರಿಯಲ್ಲಿ ದುಡಿದ ಯಾರಿಗಾದರೂ ಈ ದೃಶ್ಯ ಅಪರಿಚಿತವಲ್ಲ. ‘ಮೇಲಿನಿಂದ ಹೇಳಿದ್ದಾರೆ’ ಎಂಬ ಮಾತಿನಲ್ಲಿ ಆ ‘ಮೇಲೆ’ ಇರುವವರ ಹೆಸರು ಇರುವುದಿಲ್ಲ. ಗುರಿ ಮಾತ್ರ ಕೆಳಗೆ ಇಳಿದು ಬರುತ್ತದೆ, ಇಂತಿಷ್ಟು ಲಾಭ ಬರಲೇಬೇಕು ಎಂದು. ಹೇಗೆ ಎಂಬುದನ್ನು ಯಾರೂ ಹೇಳುವುದಿಲ್ಲ. ಕೆಳಗಿನವರು ಹೇಗೋ ಒಂದು ದಾರಿ ಹುಡುಕುತ್ತಾರೆ, ಗುರಿ ಮುಟ್ಟಿದ ಸುದ್ದಿ ಮೇಲಕ್ಕೆ ಹೋಗುತ್ತದೆ, ದಾರಿ ಯಾವುದೆಂಬ ಸುದ್ದಿ ನಡುವೆಲ್ಲೋ ನಿಂತುಬಿಡುತ್ತದೆ. ಹಾಗೆ ನಿಲ್ಲುವುದು ಅಕಸ್ಮಾತ್ತೂ ಅಲ್ಲ. ಗುರಿ ತಪ್ಪಿದವರನ್ನು ಬೈದು, ಮುಟ್ಟಿದವರನ್ನು ಏನೂ ಕೇಳದೆ ಬೋನಸ್ ಕೊಟ್ಟು ಕಳಿಸುವ ಮುಖ್ಯಸ್ಥನೇ ಆ ತಡೆಗೋಡೆ ಕಟ್ಟಿದವನು. ಆಮೇಲೆ ಗೋಡೆಯ ಆಚೆಗೆ ಏನು ನಡೆಯಿತೋ ಗೊತ್ತಿಲ್ಲ ಎನ್ನುವ ಹಕ್ಕು ಅವನಿಗೆ ಉಳಿಯುವುದಿಲ್ಲ.

ವರ್ಲ್ಡ್‌ಕಾಮ್‌ನ ಗೋಡೆ ಒಡೆದವರು ಹೊರಗಿನ ಪೊಲೀಸರಲ್ಲ. ಕಂಪನಿಯದೇ ಆಂತರಿಕ ಲೆಕ್ಕಪರಿಶೋಧನಾ ವಿಭಾಗದವರು. ಮುಖ್ಯಸ್ಥೆ ಸಿಂಥಿಯಾ ಕೂಪರ್, ಜೊತೆಗೆ ಗ್ಲಿನ್ ಸ್ಮಿತ್ ಮತ್ತು ಜೀನ್ ಮೋರ್ಸ್. ಕಂಪ್ಯೂಟರ್‌ನಲ್ಲಿದ್ದ ಲೆಕ್ಕದ ರಾಶಿಯನ್ನು ಹಗಲು ಜಾಲಾಡಿದರೆ ಇಡೀ ವ್ಯವಸ್ಥೆ ನಿಧಾನಗೊಂಡು ಅನುಮಾನ ಬರುತ್ತಿತ್ತು. ಆದ್ದರಿಂದ ಮೋರ್ಸ್ ರಾತ್ರಿ ಹೊತ್ತು ಕೂತು ಹುಡುಕಿದರು. ದಾಖಲೆಯೇ ಇಲ್ಲದ 50 ಕೋಟಿ ಡಾಲರಿನ ಒಂದು ನಮೂದು ಮೊದಲು ಸಿಕ್ಕಿತು. ಗೊತ್ತಾದರೆ ಎಲ್ಲವನ್ನೂ ಅಳಿಸಿಬಿಡುತ್ತಾರೆ ಎಂಬ ಭಯದಿಂದ, ಸ್ವಂತ ದುಡ್ಡಿನಲ್ಲಿ ಸಿ.ಡಿ. ಬರೆಯುವ ಯಂತ್ರ ತಂದು ನಕಲು ಮಾಡಿಕೊಂಡರು. ಪರಿಶೋಧನೆಯನ್ನು ಮುಂದಿನ ತ್ರೈಮಾಸಿಕಕ್ಕೆ ಹಾಕಿ ಎಂದು ಸುಲಿವನ್ ಕೇಳಿದಾಗ ಕೂಪರ್ ಒಪ್ಪಲಿಲ್ಲ. 2002ರ ಜೂನ್ 25ರಂದು ಕಂಪನಿ 380 ಕೋಟಿ ಡಾಲರ್ ಮೋಸವನ್ನು ಜಗತ್ತಿನ ಮುಂದೆ ಒಪ್ಪಿಕೊಂಡಿತು. ಮೊತ್ತ ಬೆಳೆದದ್ದು ಆಮೇಲೆ.

ಮೂರು ಜನ ಕೆಲವೇ ವಾರಗಳಲ್ಲಿ ಕಂಡುಹಿಡಿದದ್ದನ್ನು ಮುಖ್ಯಸ್ಥರು ವರ್ಷಗಟ್ಟಲೆ ಕಾಣಲಿಲ್ಲ ಎಂದರೆ, ಅವರು ಹುಡುಕಲಿಲ್ಲ ಎಂದೇ ಅರ್ಥ.

ಎಲ್ಲ ಮುಖ್ಯಸ್ಥರಿಗೂ ಎಬ್ಬರ್ಸ್‌ಗೆ ಆದ ಗತಿ ಆಗುವುದಿಲ್ಲ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಹೆಲ್ತ್‌ಸೌತ್ ಎಂಬ ಆಸ್ಪತ್ರೆ ಕಂಪನಿಯಲ್ಲಿ ಸುಮಾರು 270 ಕೋಟಿ ಡಾಲರ್ ಲೆಕ್ಕದ ಮೋಸ ನಡೆದಿತ್ತು. ಅದರ ಸ್ಥಾಪಕ ರಿಚರ್ಡ್ ಸ್ಕ್ರೂಶಿ ಅವರ ಕೈಕೆಳಗೆ ಒಬ್ಬರಾದ ಮೇಲೊಬ್ಬರಂತೆ ದುಡಿದ ಐವರು ಹಣಕಾಸು ಮುಖ್ಯಸ್ಥರೂ ತಪ್ಪೊಪ್ಪಿಕೊಂಡು, ಸ್ಕ್ರೂಶಿಗೆ ಎಲ್ಲ ಗೊತ್ತಿತ್ತು ಎಂದು ಸಾಕ್ಷಿ ಹೇಳಿದರು. 2005ರ ಜೂನ್‌ನಲ್ಲಿ ಜ್ಯೂರಿ ಅವರನ್ನು ಎಲ್ಲ ಆರೋಪಗಳಿಂದಲೂ ಬಿಡುಗಡೆ ಮಾಡಿತು. ನಾಲ್ಕು ವರ್ಷಗಳ ನಂತರ, ಷೇರುದಾರರು ಹೂಡಿದ ಸಿವಿಲ್ ದಾವೆಯಲ್ಲಿ ಅದೇ ಅಲಬಾಮಾದ ನ್ಯಾಯಾಧೀಶರೊಬ್ಬರು ಮೋಸಕ್ಕೆ ಅವರೇ ಹೊಣೆ ಎಂದು 288 ಕೋಟಿ ಡಾಲರ್ ಕಟ್ಟಲು ಹೇಳಿದರು. ಜೈಲಿಗೆ ಕಳಿಸಲು ಬೇಕಾದ ಪುರಾವೆ ಬೇರೆ, ದುಡ್ಡು ವಾಪಸ್ ಪಡೆಯಲು ಬೇಕಾದ ಪುರಾವೆ ಬೇರೆ.

ಇನ್ನು ನಮ್ಮ ಮಗ್ಗುಲಿನ ಹೈದರಾಬಾದಿಗೆ ಬರೋಣ. 2009ರ ಜನವರಿ 7ರ ಬೆಳಿಗ್ಗೆ ಸತ್ಯಂ ಕಂಪ್ಯೂಟರ್ಸ್‌ನ ಅಧ್ಯಕ್ಷ ಬಿ. ರಾಮಲಿಂಗ ರಾಜು ಬರೆದ ಪತ್ರ ಆಡಳಿತ ಮಂಡಳಿಗೆ, ಸೆಬಿಗೆ ಮತ್ತು ಷೇರುಪೇಟೆಗಳಿಗೆ ತಲುಪಿತು. ಲೆಕ್ಕದಲ್ಲಿ 5,361 ಕೋಟಿ ರೂಪಾಯಿ ನಗದು ಮತ್ತು ಬ್ಯಾಂಕ್ ಶಿಲ್ಕು ತೋರಿಸಿದೆ, ಅದರಲ್ಲಿ 5,040 ಕೋಟಿ ಇಲ್ಲವೇ ಇಲ್ಲ. ಬಾರದ ಬಡ್ಡಿ 376 ಕೋಟಿ ಬಂದಿದೆ ಎಂದು ಬರೆದಿದೆ. 1,230 ಕೋಟಿ ಸಾಲ ಲೆಕ್ಕದಲ್ಲೇ ಇಲ್ಲ. ಒಂದು ತ್ರೈಮಾಸಿಕದ ಲಾಭದ ಪ್ರಮಾಣ ಶೇ 24 ಎಂದು ಪ್ರಕಟಿಸಲಾಗಿತ್ತು, ನಿಜಕ್ಕೂ ಇದ್ದದ್ದು ಶೇ 3. ಸಣ್ಣದಾಗಿ ಶುರುವಾದ ಅಂತರ ವರ್ಷದಿಂದ ವರ್ಷಕ್ಕೆ ಬೆಳೆಯಿತು, ಹುಲಿಯ ಮೇಲೆ ಕೂತಂತಾಗಿತ್ತು, ಇಳಿದರೆ ಅದು ತಿನ್ನುತ್ತದೆ ಎಂಬುದು ಪತ್ರದ ಸಾರ. ಅಂದು ಸಂಜೆಯ ಹೊತ್ತಿಗೆ ಷೇರಿನ ಬೆಲೆ ಮುಕ್ಕಾಲು ಪಾಲಿಗಿಂತ ಹೆಚ್ಚು ಕರಗಿತ್ತು. ಸುಮಾರು 53 ಸಾವಿರ ನೌಕರರು ಬರುವ ತಿಂಗಳ ಸಂಬಳ ಬರುತ್ತದೋ ಇಲ್ಲವೋ ಎಂದು ಚಿಂತಿಸುತ್ತ ಮನೆಗೆ ಹೋದರು.

ಪತ್ರದಲ್ಲಿ ಇನ್ನೊಂದು ಮಾತಿತ್ತು. ಆಡಳಿತ ಮಂಡಳಿಯ ಹಿಂದಿನ, ಇಂದಿನ ಸದಸ್ಯರಿಗೆ ಇದಾವುದೂ ಗೊತ್ತಿಲ್ಲ. ಹಿರಿಯ ಅಧಿಕಾರಿಗಳಿಗೂ ಗೊತ್ತಿಲ್ಲ. ಎಲ್ಲವನ್ನೂ ಒಬ್ಬರೇ ಹೊತ್ತುಕೊಳ್ಳುವ ಈ ಮಾತಿಗೆ ಒಂದು ಘನತೆ ಇದೆಯೆಂದು ಅಂದು ಕೆಲವರಿಗಾದರೂ ಅನಿಸಿದ್ದೀತು. ತನಿಖೆ ಬೇರೆಯದನ್ನೇ ಹೇಳಿತು. ಸತ್ಯಂನ ಬಿಲ್ಲಿಂಗ್ ವ್ಯವಸ್ಥೆಯಲ್ಲಿ ‘ಸೂಪರ್ ಯೂಸರ್’ ಎಂಬ ಒಂದು ಬಾಗಿಲು ಇತ್ತು. ಅದರ ಮೂಲಕ ಒಳಹೊಕ್ಕರೆ, ಸಂಬಂಧಪಟ್ಟ ಯೋಜನೆಯ ವ್ಯವಸ್ಥಾಪಕರ ಕಣ್ಣಿಗೆ ಬೀಳದಂತೆ ಇನ್‌ವಾಯ್ಸ್ ಸೃಷ್ಟಿಸಿ, ಲೆಕ್ಕದ ವಿಭಾಗಕ್ಕೆ ಮಾತ್ರ ಕಾಣಿಸಬಹುದಿತ್ತು. ಹೀಗೆ ಹುಟ್ಟಿದ 7,500ಕ್ಕೂ ಹೆಚ್ಚು ಸುಳ್ಳು ಇನ್‌ವಾಯ್ಸ್‌ಗಳನ್ನು ಸಿಬಿಐ ಪತ್ತೆಹಚ್ಚಿತು. ಇಲ್ಲದ ನಿಶ್ಚಿತ ಠೇವಣಿಗಳಿಗೆ ರಸೀದಿ ತಯಾರಾಗಿದ್ದವು, ಬ್ಯಾಂಕ್ ಸ್ಟೇಟ್‌ಮೆಂಟ್‌ಗಳು ತಯಾರಾಗಿದ್ದವು. ಇಷ್ಟನ್ನು ವರ್ಷಗಳ ಕಾಲ ಒಬ್ಬ ಮನುಷ್ಯ ಒಂಟಿಯಾಗಿ ಮಾಡಲಾರ. 2015ರ ಏಪ್ರಿಲ್ 9ರಂದು ಹೈದರಾಬಾದಿನ ವಿಶೇಷ ನ್ಯಾಯಾಲಯ ಹತ್ತು ಮಂದಿಯನ್ನು ತಪ್ಪಿತಸ್ಥರೆಂದು ಘೋಷಿಸಿತು. ರಾಜು, ಅವರ ತಮ್ಮಂದಿರು, ಹಣಕಾಸು ಮುಖ್ಯಸ್ಥ, ಆಂತರಿಕ ಲೆಕ್ಕಪರಿಶೋಧನೆಯ ಮುಖ್ಯಸ್ಥ, ಕಂಪನಿಯ ಮೂವರು ನೌಕರರು, ಹೊರಗಿನಿಂದ ಲೆಕ್ಕ ನೋಡುತ್ತಿದ್ದ ಪ್ರೈಸ್ ವಾಟರ್‌ಹೌಸ್‌ನ ಇಬ್ಬರು. ಏಳು ವರ್ಷ ಶಿಕ್ಷೆ. ಅವರು ಮೇಲ್ಮನವಿ ಹಾಕಿದರು. ಮುಂದಿನ ತಿಂಗಳೇ ಶಿಕ್ಷೆ ಅಮಾನತಾಗಿ ಜಾಮೀನು ಸಿಕ್ಕಿತು.

ಲೆಕ್ಕಪರಿಶೋಧಕರ ವಿಷಯವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಬ್ಯಾಂಕಿನಲ್ಲಿ ಇಷ್ಟು ದುಡ್ಡಿದೆ ಎಂದು ಕಂಪನಿ ಹೇಳಿದರೆ, ಆಡಿಟರ್ ತಾನೇ ಬ್ಯಾಂಕಿಗೆ ಪತ್ರ ಬರೆದು, ಉತ್ತರವನ್ನು ನೇರವಾಗಿ ತನ್ನ ವಿಳಾಸಕ್ಕೆ ತರಿಸಿಕೊಳ್ಳಬೇಕು. ಹೊಸದಾಗಿ ಆಡಿಟ್ ಕೆಲಸಕ್ಕೆ ಸೇರಿದ ಹುಡುಗರಿಗೂ ಹೇಳಿಕೊಡುವ ಪಾಠ ಇದು. ಸತ್ಯಂನಲ್ಲಿ ಆ ಪತ್ರಗಳನ್ನು ಕಂಪನಿಯ ಆಡಳಿತದವರ ಕೈಗೇ ಕೊಡಲಾಯಿತು, ಉತ್ತರಗಳೂ ಅವರ ಕೈಯಿಂದಲೇ ಬಂದವು ಎಂದು ಅಮೆರಿಕದ ಷೇರುಪೇಟೆ ನಿಯಂತ್ರಕ ಸಂಸ್ಥೆ 2011ರಲ್ಲಿ ಹೇಳಿ ದಂಡ ಹಾಕಿತು. 5,040 ಕೋಟಿ ರೂಪಾಯಿಯ ಸುಳ್ಳು ಬದುಕಿ ಉಳಿದದ್ದು, ಅಂಚೆಗೆ ಹಾಕಬೇಕಿದ್ದ ಪತ್ರಗಳು ಬೇರೆಯವರ ಮೇಜಿಗೆ ಹೋದದ್ದರಿಂದ.

ಕರ್ನಾಟಕಕ್ಕೂ ಇಂಥದ್ದೊಂದು ಪತ್ರದ ನೋವು ಗೊತ್ತು. 2019ರ ಜುಲೈನಲ್ಲಿ ಕಾಫಿ ಡೇ ಸ್ಥಾಪಕ ವಿ.ಜಿ. ಸಿದ್ಧಾರ್ಥ ಅವರನ್ನು ನಾಡು ಕಳೆದುಕೊಂಡಾಗ, ಅವರ ಹೆಸರಿನಲ್ಲಿ ಹೊರಬಂದ ಪತ್ರದಲ್ಲಿ, ಪ್ರತಿಯೊಂದು ಹಣಕಾಸು ವ್ಯವಹಾರಕ್ಕೂ ತಾವೊಬ್ಬರೇ ಹೊಣೆ, ತಂಡಕ್ಕಾಗಲಿ ಆಡಿಟರ್‌ಗಳಿಗಾಗಲಿ ಹಿರಿಯ ಅಧಿಕಾರಿಗಳಿಗಾಗಲಿ ಏನೂ ಗೊತ್ತಿರಲಿಲ್ಲ ಎಂದಿತ್ತು. ಮಲೆನಾಡಿನ ಸಾವಿರಾರು ಮನೆಗಳಿಗೆ ಕೆಲಸ ಕೊಟ್ಟವರ ಬಗ್ಗೆ ಕಠಿಣ ಮಾತಾಡಲು ಇಲ್ಲಿ ಯಾರಿಗೂ ಮನಸ್ಸು ಬರುವುದಿಲ್ಲ, ಬರಬೇಕಾಗಿಯೂ ಇಲ್ಲ. ಆದರೆ ಪ್ರಶ್ನೆ ಉಳಿದವರ ಕುರಿತದ್ದು. ಕಾಫಿ ಡೇ ಎಂಟರ್‌ಪ್ರೈಸಸ್‌ನ ಏಳು ಅಂಗಸಂಸ್ಥೆಗಳಿಂದ ಪ್ರವರ್ತಕ ಕುಟುಂಬಕ್ಕೆ ಸೇರಿದ ಮೈಸೂರು ಅಮಾಲ್ಗಮೇಟೆಡ್ ಕಾಫಿ ಎಸ್ಟೇಟ್ಸ್‌ಗೆ ಹೋದ ಹಣ 3,535 ಕೋಟಿ ರೂಪಾಯಿ ಎಂದು ನಂತರದ ತನಿಖೆ ತಿಳಿಸಿತು. 2023ರ ಜನವರಿಯಲ್ಲಿ ಸೆಬಿ ಕಂಪನಿಗೆ 26 ಕೋಟಿ ದಂಡ ವಿಧಿಸಿತು. ಏಳು ಅಂಗಸಂಸ್ಥೆಗಳು ಎಂದರೆ ಏಳು ಆಡಳಿತ ಮಂಡಳಿಗಳು, ಸಹಿ ಹಾಕುವ ಹಲವು ಕೈಗಳು. ಹೊಣೆಯೆಲ್ಲ ಒಂದೇ ಹೆಗಲಿಗೆ ಬಿದ್ದಾಗ, ಪಕ್ಕದಲ್ಲಿ ನಿಂತಿದ್ದವರು ಆ ಹೆಗಲಿಗೆ ಮೊದಲೇ ಆಸರೆಯಾಗಿ ‘ಇದು ಬೇಡ ಸರ್’ ಎನ್ನಬಹುದಾಗಿತ್ತು ಎಂಬ ಸಂಕಟ ಹೋಗುವುದಿಲ್ಲ.

ಹಾಗೆಂದು ಕುರ್ಚಿಯಲ್ಲಿ ಕೂತದ್ದೇ ಅಪರಾಧವಾಗಬಾರದು. 2015ರ ಜನವರಿಯಲ್ಲಿ ಸುನಿಲ್ ಭಾರ್ತಿ ಮಿತ್ತಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು. ಕಂಪನಿಯ ತಪ್ಪನ್ನು ತನ್ನಷ್ಟಕ್ಕೆ ಅದರ ಮುಖ್ಯಸ್ಥನ ತಲೆಗೆ ಕಟ್ಟಲಾಗದು. ಆತನ ಸಕ್ರಿಯ ಪಾತ್ರಕ್ಕೂ ಕೆಟ್ಟ ಉದ್ದೇಶಕ್ಕೂ ಪುರಾವೆ ಬೇಕು, ಇಲ್ಲವೇ ಕಾನೂನೇ ಅಂಥ ಹೊಣೆಯನ್ನು ಹೊರಿಸಿರಬೇಕು. ಇದು ನ್ಯಾಯವಾದ ಮಾತು. ನಂಬಿದವರಿಂದ ನಿಜವಾಗಿಯೂ ಮೋಸಹೋದ ಮುಖ್ಯಸ್ಥರು ಇದ್ದಾರೆ. ಕಾನೂನೇ ಹೊರಿಸುವ ಹೊಣೆಯ ಕಡೆಗೆ ಈ ಹಗರಣಗಳ ನಂತರ ಸ್ವಲ್ಪ ಕೆಲಸ ಆಗಿದೆ. ಅಮೆರಿಕದಲ್ಲಿ ಎನ್ರಾನ್ ಮತ್ತು ವರ್ಲ್ಡ್‌ಕಾಮ್ ಕುಸಿದ ಮೇಲೆ ಬಂದ 2002ರ ಸಾರ್ಬೇನ್ಸ್–ಆಕ್ಸ್ಲಿ ಕಾಯ್ದೆ, ಮುಖ್ಯಸ್ಥ ಮತ್ತು ಹಣಕಾಸು ಮುಖ್ಯಸ್ಥ ಇಬ್ಬರೂ ಲೆಕ್ಕಪತ್ರಕ್ಕೆ ತಾವೇ ಪ್ರಮಾಣ ಬರೆದುಕೊಡಬೇಕು ಎಂದಿತು. ಬೇಕೆಂದೇ ಸುಳ್ಳು ಪ್ರಮಾಣ ಬರೆದರೆ 20 ವರ್ಷದವರೆಗೆ ಜೈಲು. ನಮ್ಮ 2013ರ ಕಂಪನಿ ಕಾಯ್ದೆಯ 447ನೇ ಸೆಕ್ಷನ್ ವಂಚನೆಗೆ 10 ವರ್ಷದವರೆಗೆ ಶಿಕ್ಷೆ ಇಟ್ಟಿದೆ. ಅದರ 149ನೇ ಸೆಕ್ಷನ್ ಸ್ವತಂತ್ರ ನಿರ್ದೇಶಕರಿಗೆ ರಕ್ಷಣೆ ಕೊಡುತ್ತಲೇ, ಗೊತ್ತಿದ್ದೂ ಸುಮ್ಮನಿದ್ದವರನ್ನು ಮಾತ್ರವಲ್ಲದೆ ಎಚ್ಚರಿಕೆಯಿಂದ ಕೆಲಸ ಮಾಡದವರನ್ನೂ ಹೊಣೆಗಾರರನ್ನಾಗಿಸುತ್ತದೆ. ಆ ಕೊನೆಯ ಮಾತೇ ಮುಖ್ಯ. ಜಾಣಕುರುಡಿಗೆ ನಮ್ಮ ಕಾನೂನು ಕೊಟ್ಟ ಉತ್ತರ ಅದು.

ಕಾನೂನಿನ ಪುಸ್ತಕದಿಂದ ನ್ಯಾಯಾಲಯದ ತೀರ್ಪಿನವರೆಗಿನ ದಾರಿ ಮಾತ್ರ ಬಹಳ ಉದ್ದ. ಜರ್ಮನಿಯ ಫೋಕ್ಸ್‌ವ್ಯಾಗನ್, ಹೊಗೆ ಪರೀಕ್ಷೆಯನ್ನು ವಂಚಿಸುವ ಸಾಫ್ಟ್‌ವೇರನ್ನು ಜಗತ್ತಿನಾದ್ಯಂತ ಸುಮಾರು 1.1 ಕೋಟಿ ಕಾರುಗಳಿಗೆ ಹಾಕಿತ್ತು. ಅಮೆರಿಕದಲ್ಲಿ ತಮ್ಮ ಕಾರುಗಳ ಹೊಗೆಯ ಪ್ರಮಾಣ ವಿಪರೀತವಾಗಿದೆ ಎಂಬ ಟಿಪ್ಪಣಿ 2014ರ ಮೇ ತಿಂಗಳಲ್ಲೇ ಮುಖ್ಯಸ್ಥ ಮಾರ್ಟಿನ್ ವಿಂಟರ್‌ಕಾರ್ನ್ ಅವರ ವಾರಾಂತ್ಯದ ಕಡತಗಳ ರಾಶಿಯಲ್ಲಿ ಸೇರಿ ಹೋಗಿತ್ತು. ಅವರು ಓದಿದರೇ ಎಂಬುದಕ್ಕೆ ದಾಖಲೆ ಇಲ್ಲ ಎಂದು ಕಂಪನಿ ನಂತರ ಹೇಳಿತು. ಅಮೆರಿಕದಲ್ಲಿ ಸಿಕ್ಕಿಬಿದ್ದ ಎಂಜಿನಿಯರ್ ಜೇಮ್ಸ್ ಲಿಯಾಂಗ್‌ಗೆ 2017ರಲ್ಲೇ 40 ತಿಂಗಳ ಶಿಕ್ಷೆಯಾಯಿತು. ತಪ್ಪು ಮಾಡಿಲ್ಲ ಎಂದೇ ಹೇಳುತ್ತ ಬಂದ ವಿಂಟರ್‌ಕಾರ್ನ್ ಅವರ ಕ್ರಿಮಿನಲ್ ವಿಚಾರಣೆ ಶುರುವಾದದ್ದು 2024ರ ಸೆಪ್ಟೆಂಬರಿನಲ್ಲಿ, ಅದೂ ಅವರ ಅನಾರೋಗ್ಯದಿಂದ ನಿಂತುಹೋಯಿತು.

ಎಚ್ಚರಿಕೆಯ ಚೀಟಿ ಬಾಗಿಲವರೆಗೆ ಬಂದು ನಿಂತದ್ದು ಸತ್ಯಂನಲ್ಲೂ ನಡೆದಿದೆ. 2008ರ ಡಿಸೆಂಬರ್ 16ರಂದು, ರಾಜು ಕುಟುಂಬದ ಎರಡು ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರ್ ಕೊಟ್ಟು ಕೊಳ್ಳಲು ಆಡಳಿತ ಮಂಡಳಿ ಒಪ್ಪಿಗೆ ಕೊಟ್ಟಿತು. ಆ ಮಂಡಳಿಯಲ್ಲಿ ಹಾರ್ವರ್ಡ್‌ನ ಪ್ರಾಧ್ಯಾಪಕರಿದ್ದರು, ನಿವೃತ್ತ ಸಂಪುಟ ಕಾರ್ಯದರ್ಶಿ ಇದ್ದರು, ಪೆಂಟಿಯಂ ಚಿಪ್‌ಗೆ ಹೆಸರಾದ ತಂತ್ರಜ್ಞರಿದ್ದರು. ಹೂಡಿಕೆದಾರರು ಸಿಡಿದೆದ್ದದ್ದರಿಂದ ಕೆಲವೇ ಗಂಟೆಗಳಲ್ಲಿ ಒಪ್ಪಂದ ವಾಪಸ್ ಪಡೆಯಬೇಕಾಯಿತು. ಎರಡು ದಿನ ಕಳೆದು, ಹೆಸರು ಮರೆಮಾಚಿದ ಯಾರೋ ಒಬ್ಬರು ನಿರ್ದೇಶಕರೊಬ್ಬರಿಗೆ ಇಮೇಲ್ ಕಳಿಸಿ ಕಂಪನಿಯ ಲೆಕ್ಕದಲ್ಲಿ ಮೋಸವಿದೆ ಎಂದು ತಿಳಿಸಿದರು. ಅದು ಒಬ್ಬ ನಿರ್ದೇಶಕರಿಂದ ಇನ್ನೊಬ್ಬರಿಗೆ ಹೋಯಿತು, ಆಡಿಟರ್‌ಗೆ ಹೋಯಿತು, ಕೊನೆಗೆ ರಾಜು ಅವರಿಗೂ ಹೋಯಿತು. ಆಡಳಿತ ಮಂಡಳಿಯ ಸಭೆ ಡಿಸೆಂಬರ್ 29ಕ್ಕೆ ನಿಗದಿಯಾಗಿತ್ತು. ಅದನ್ನು ಜನವರಿ 10ಕ್ಕೆ ಮುಂದೂಡಿದರು. ರಾಜು ಅವರ ಪತ್ರ ಬಂದದ್ದು ಜನವರಿ 7ರಂದು.